ಸೊಸಿಯ ರಕ್ತ, ಸಾಬವ್ವನ ಚಹಾ

ನನ್ನ ಬಾಯಿ ದೊಡ್ಡದು. ಇದನ್ನ ಮೊದಲ ಹೇಳಿಬಿಡತೀನಿ, ಆಮ್ಯಾಲ ಶೈಲಾ ಹೇಳಲಿಲ್ಲ ಅಂತ ಯಾರೂ ಅನಬಾರದು. ಪುಣೆಯ ಹಡಪಸರದಾಗ ನಾ ಒಂದು ಸಂಸ್ಥಾದಾಗ ಕೆಲಸಾ ಮಾಡತೀನಿ. ಬಿಲ್ಡಿಂಗ್ ಕಟ್ಟೂ ಕಡೆ ತಗಡಿನ ಮನಿ ಹಾಕ್ಕೊಂಡು ಇರತಾರಲ್ಲ, ಆ ಮಂದಿಯೊಳಗಿನ ಬಸುರಿ ಹೆಣ್ಣುಮಕ್ಕಳು, ಬಾಣಂತ್ಯಾರು ಏನು ತಿಂತಾರ ಏನು ಬಿಡತಾರ ನೋಡೂದು, ಬೆರಳಿಗೆ ಸೂಜಿ ಚುಚ್ಚಿ ರಕ್ತದ ಅಳತಿ ತಗೊಳ್ಳೂದು, ಗುಳಿಗಿ ಕೊಡೂದು, ಇದು ನನ್ನ ಕೆಲಸ. ಅಲ್ಲಿ ಯಾದಗಿರಿ, ರಾಯಚೂರು ಕಡೆಯ ಮಂದಿ ಭಾಳ. ಹಿಂಗಾಗಿ ಅವರಿಗೆ ಕನ್ನಡ ಬರೂ ಹೆಂಗಸು ಬೇಕಾಗಿತ್ತು, ವಿಜಯಪುರದಾಗ ಹುಟ್ಟಿದ ನಾ ಸಿಕ್ಕೆ. ಕನ್ನಡದ ಜೋಡಿ ನನ್ನ ಸಿಟ್ಟೂ ಬಂತು, ಅದನ್ನ ಅವರು ಕೇಳಿರಲಿಲ್ಲ.

ನಮ್ಮನಿಯವರು, ಪ್ರಲ್ಹಾದ, ವಿಮಾ ಆಫೀಸಿನಾಗ ಕ್ಲಾರ್ಕ್ ಇದ್ದಾರ. ಅವರ ಬಾಯಾಗ ದಿನಾ ಒಂದೇ ಮಾತು: "ಊಟ ಬಲ್ಲವಗ ರೋಗ ಇಲ್ಲ, ಮಾತು ಬಲ್ಲವಗ ಜಗಳ ಇಲ್ಲ ಅಂತಾರ. ಮೊದಲಿನ ಅರ್ಧ ನಿನಗ ಸಂಸ್ಥಾದವರು ಕಲಿಸ್ಯಾರ. ಉಳಿದರ್ಧ ಯಾರು ಕಲಿಸ್ತಾರೋ ದೇವರಿಗೇ ಗೊತ್ತು." ಆ ಮೊದಲಿನ ಅರ್ಧಾನೂ ನನಗ ಪೂರಾ ಬರತಿದ್ದಿಲ್ಲ ಅಂತ ತೋರಿಸಿಕೊಟ್ಟಾಕಿ ಸಾಬವ್ವ. ಇದು ಆಕಿ ಕಥಿ.

ಸಾಬವ್ವಗ ವಯಸ್ಸೆಷ್ಟು ಅಂದ್ರ ಆಕಿಗೇ ಗೊತ್ತಿಲ್ಲ. ಐವತ್ತರ ಹಿಂದಮುಂದ ಇರಬೇಕು. ಸುರಪುರ ತಾಲೂಕಿನ ಹಳ್ಳಿಯಿಂದ ಗಂಡ ಕಾಶಪ್ಪನ ಬೆನ್ನ ಹತ್ತಿ ಪುಣೆಕ್ಕ ಬಂದಾಗ ಮಗಾ ಪ್ರೇಮಕುಮಾರ ಬಗಲಾಗಿದ್ದ, ಈಗ ಅವಗ ಇಪ್ಪತ್ತಾರು. ಇಷ್ಟು ವರ್ಷ ಸೀರಿ ಮ್ಯಾಲ ಗಂಡನ ಹಳೇ ಅಂಗಿ ಹಾಕ್ಕೊಂಡು, ತಲಿ ಮ್ಯಾಲ ಸಿಂಬಿ ಇಟ್ಕೊಂಡು ಉಸುಕು, ಖಡಿ, ಇಟ್ಟಂಗಿ ಹೊತ್ತಾಳ. ಆಕಿ ಜೋಡಿ ಹಡಪಸರದ ರಸ್ತಾದಾಗ ನಡಕೋತ ಹೊಂಟ್ರ ಎತ್ತರೆತ್ತರ ಬಿಲ್ಡಿಂಗ್ ತೋರಿಸಿ ಹೇಳತಾಳ, "ಬಾಯಾರ, ಅಕಾ ಅಲ್ನೋಡ್ರಿ, ಒಂಬತ್ತನೇ ಮಾಳಗಿ ಸ್ಲ್ಯಾಬ್ ನಂದು." ಆ ಮಾಳಗ್ಯಾಗ ಇರುವವರಿಗೆ ಆಕಿ ಯಾರು ಅಂತ ಗೊತ್ತಿಲ್ಲ. ಆಕಿಗೆ ಅದರದೇನೂ ದುಃಖ ಇಲ್ಲ. "ಬೀಳಲಾರದಂಗ ನಿಂತಾವಲ್ರಿ, ಸಾಕು" ಅಂತಾಳ.

ಈಗ ಮೊಣಕಾಲು ಹೋಗ್ಯಾವ. ಕಾಶಪ್ಪ ಅದೇ ಸೈಟಿನ ವಾಚಮನ್, ಪ್ರೇಮಕುಮಾರ ಸೆಂಟ್ರಿಂಗ್ ಕೆಲಸಕ್ಕ ಹೋಗತಾನ, ಸಾಬವ್ವ ಮನ್ಯಾಗ ರೊಟ್ಟಿ ಬಡೀತಾಳ. ಸೊಸಿ ಶರಣಮ್ಮ ಬ್ಯಾರೆ ಯಾರೂ ಅಲ್ಲ, ಸಾಬವ್ವನ ಅಣ್ಣ ಫಕೀರಪ್ಪನ ಮಗಳು. ಇಪ್ಪತ್ತು ವರ್ಷದ ಹುಡುಗಿ. ಮಾತು ಕಡಿಮಿ, ಕಣ್ಣು ದೊಡ್ಡವು. ಅತ್ತಿ ಏನಂತಾಳ ಅದಕ್ಕ ಗೋಣು ಹಾಕೂದೊಂದು ಗೊತ್ತು.

ಆ ಮನಿಗೆ ಹೋದವರು ಚಹಾ ಕುಡೀದ ಹೊರಗ ಬರೂಹಂಗಿಲ್ಲ. ನಾ ಬ್ಯಾಡ ಅಂದ್ರೂ ಬುಡ್ಡಿಯಾಗಿನ ಹಾಲು ಇಷ್ಟು ಸುರುವಿ, ಶುಂಠಿ ಜಜ್ಜಿ ಹಾಕಿ, ಸ್ಟೀಲ್ ಗಿಲಾಸ ಕೈಯಾಗ ಇಟ್ಟ ಮ್ಯಾಲೇ ಮಾತು. ಸಾಬವ್ವಗ ಚಹಾ ಅಂದ್ರ ಕುಡಿಯೂದಲ್ಲ, ಉಣ್ಣೂದು. ಸೈಟಿನ ದಿನದಾಗ ಮುಂಜಾನೆ ಒಂದು ಗಿಲಾಸ ಚಹಾದಾಗ ಪಾವು ಅದ್ದಿ ತಿಂದ್ರ ಮಧ್ಯಾಹ್ನ ಎರಡರ ತನ ಅದೇ ಊಟ. "ಚಹಾ ಹೊಟ್ಟಿ ಕಟ್ಟತದ್ರಿ ಬಾಯಾರ. ನನ್ನ ಇಪ್ಪತ್ತೈದು ವರ್ಷ ನಡಿಸಿದ್ದು ಅದು" ಅಂತಿದ್ಲು. ತನ್ನನ್ನ ಬದುಕಿಸಿದ್ದನ್ನ ತನ್ನವರಿಗೆ ಕೊಡತಿದ್ಲು, ಅಷ್ಟ.

ನಾ ಮೊದಲ ಸಲ ಹೋದಾಗ ಶರಣಮ್ಮಗ ನಾಲ್ಕು ತಿಂಗಳು. ಬೆರಳು ಚುಚ್ಚಿ ಮಿಷನ್ನಿನಾಗ ನೋಡಿದ್ರ ರಕ್ತ ಎಂಟು ಪಾಯಿಂಟ್ ನಾಲ್ಕು. ಹನ್ನೊಂದರ ಕೆಳಗ ಇಳೀಬಾರದು. ನಾ ಚಿತ್ರಪಟ ಬಿಚ್ಚಿದೆ. ಒಂದು ಬಣ್ಣದಾಗ ಜ್ವಾಳ, ಗೋದಿ, ಅಕ್ಕಿ, ಇವು ದುಡಿಯಾಕ ಶಕ್ತಿ ಕೊಡತಾವ. ಇನ್ನೊಂದರಾಗ ಬ್ಯಾಳಿ, ಮಡಕಿಕಾಳು, ಶೇಂಗಾ, ತತ್ತಿ, ಹಾಲು, ಇವು ಮೈ ಕಟ್ಟತಾವ. ಮೂರನೇದರಾಗ ಕಾಯಿಪಲ್ಯ, ಹಣ್ಣು, ಇವು ಮೈ ಕಾಯತಾವ. ನಾ ಗಿಣಿ ಹಂಗ ಒಪ್ಪಿಸಿದೆ. ಸಾಬವ್ವ ಗದ್ದಕ್ಕ ಕೈ ಹಚ್ಚಿ ಎಲ್ಲಾ ಕೇಳಿದ್ಲು.

"ಹಂಗಂದ್ರ ಮನಿ ಕಟ್ಟಿದಂಗ ಆತು ನೋಡ್ರಿ" ಅಂದ್ಲು. "ಬ್ಯಾಳಿ ಕಾಳು ಅಂದ್ರ ಇಟ್ಟಂಗಿ. ರೊಟ್ಟಿ ಅಂದ್ರ ದುಡಿಯೂ ಆಳು. ಆಳಿಲ್ಲದ ಇಟ್ಟಂಗಿ ಏಳತಾವೇನು? ಇನ್ನ ಕಾಯಿಪಲ್ಯ ಅಂದ್ರ ಸ್ಲ್ಯಾಬಿಗೆ ನೀರು ಹೊಡಿಯೂದು. ನೀರು ಹೊಡೀದಿದ್ರ ಎಂಥಾ ಸ್ಲ್ಯಾಬೂ ಬಿರೀತದ."

"ರಕ್ತಕ್ಕ ಕಬ್ಬಿಣ ಬೇಕು ಸಾಬವ್ವ. ಈಕಿ ಮೈಯಾಗ ಅದೇ ಕಡಿಮಿ ಅದ" ಅಂದೆ.

"ಗೊತ್ತಾತು ಬಿಡ್ರಿ. ಒಳಗ ಕಬ್ಬಿಣದ ಸಳಿ ಇಲ್ಲದ ಯಾವ ಸ್ಲ್ಯಾಬ್ ನಿಂತದ?" ಅಂದು ನಕ್ಕಳು.

ಎಂಟು ದಿನ ತರಬೇತಿ ತಗೊಂಡು ನಾ ಕಲಿತದ್ದನ್ನ ಆಕಿ ಎಂಟು ಮಾತಿನಾಗ ಹೇಳಿದ್ಲು. ನಾಚಿಕಿ ಬಿಟ್ಟು ಹೇಳತೀನಿ, ಮರುವಾರದ ಮೀಟಿಂಗಿನಾಗ ಈ ಇಟ್ಟಂಗಿ-ಸಳಿ ಮಾತನ್ನ ನಂದೇ ಅಂತ ಹೇಳಿ ಚಪ್ಪಾಳಿ ತಗೊಂಡೆ. ಆ ದಿನ ಗುಳಿಗಿ ಕೊಟ್ಟು, ಹೆಂಗ ತಗೋಬೇಕು ಹೇಳಿ, ಗಡಿಬಿಡೀಲೆ ಎದ್ದೆ. ಇನ್ನೂ ಹನ್ನೊಂದು ಮನಿ ಉಳಿದಿದ್ವು.

ಐದನೇ ತಿಂಗಳು ರಕ್ತ ಎಂಟು ಪಾಯಿಂಟ್ ಮೂರು. ಆರನೇ ತಿಂಗಳು ಏಳು ಪಾಯಿಂಟ್ ಒಂಬತ್ತು. ಗುಳಿಗಿ ನುಂಗಿದವರ ರಕ್ತ ಏರಬೇಕು, ಇಳೀಬಾರದು. ದವಾಖಾನಿಯ ಡಾಕ್ಟರ್ ಮಾಧುರಿ ಬಾಯಿ ಕಾಗದ ನೋಡಿ ನನಗ ಮರಾಠ್ಯಾಗ ಹೇಳಿದ್ರು, "ಶೈಲಾ, ಹೆರಿಗ್ಯಾಗ ಎಲ್ಲಾರಿಗೂ ರಕ್ತ ಹೋಗತದ. ಮೈಯಾಗ ಇದ್ದವರು ತಡಕೋತಾರ. ಈ ಹುಡುಗಿ ತಡಕೊಳ್ಳೂದಿಲ್ಲ. ಇನ್ನೊಂದು ತಿಂಗಳು ನೋಡತೀನಿ." ನಾ ಈ ಮಾತನ್ನ ಸಾಬವ್ವಗ ಕನ್ನಡದಾಗ ಹೇಳೂ ಜರೂರೇ ಬೀಳಲಿಲ್ಲ. ಆಕಿಗೆ ಮರಾಠಿ ತಿಳೀತದ. ಆಕಿ ಸೊಸಿಯ ಕೈ ಹಿಡಕೊಂಡು ಹಂಗ ಕುಂತುಬಿಟ್ಲು.

ಮನಿಗೆ ಬಂದು ರೊಟ್ಟಿ ಬಡಕೋತ ಆಕಿ ನನಗ ತನ್ನ ಮಗಳ ಸುದ್ದಿ ಹೇಳಿದ್ದು ಅವತ್ತೇ. ಪ್ರೇಮಕುಮಾರಗಿಂತ ಸಣ್ಣಾಕಿ, ನಿಂಗವ್ವ. ಏಳು ವರ್ಷದ ಹಿಂದ ಊರಾಗ ಚೊಚ್ಚಲ ಹೆರಿಗಿ. "ಹೋಗಬೇಕಂತ ಗಂಟು ಕಟ್ಟಿಟ್ಟಿದ್ದೆರಿ. ಮರುದಿನ ಸ್ಲ್ಯಾಬ್ ಹಾಕೂದಿತ್ತು. ಸ್ಲ್ಯಾಬ್ ಮುಗಿಸಿ ಹೋಗು ಅಂದ್ರು. ಮುಗಿಸಿ ಹೋದೆ" ಅಂದ್ಲು. ರಕ್ತ ನಿಲ್ಲಲಿಲ್ಲಂತ. ಮೊದಲೇ ಮೈಯಾಗ ರಕ್ತ ಇದ್ದಿದ್ದಿಲ್ಲಂತ. ಕೂಸೂ ಉಳೀಲಿಲ್ಲ. ಇಷ್ಟು ಹೇಳೂತನ ಆಕಿ ರೊಟ್ಟಿ ಬಡಿಯೂದು ನಿಲ್ಲಿಸಲಿಲ್ಲ. ನಾ ಚೀಲ ಹೆಗಲಿಗೆ ಹಾಕ್ಕೊಂಡು ಎದ್ದೆ.

ಸಂಕಟ ಆದ್ರ ಕೆಲವರಿಗೆ ಅಳು ಬರತದ, ನನಗ ಸಿಟ್ಟು ಬರತದ. ಹಾದ್ಯಾಗ ಹೋಗೂತನ ಒಂದೇ ವಿಚಾರ: ಗುಳಿಗಿ ನುಂಗತಿಲ್ಲ ಇವರು, ಗಟಾರಕ್ಕ ಚೆಲ್ಲತಾರ. ಅರ್ಧ ಹಾದಿಯಿಂದ ತಿರುಗಿ ಬಂದು ಬಾಗಿಲಾಗೇ ನಿಂತು ಕೂಗಾಡಿದೆ. "ಖರೇ ಹೇಳ್ರಿ, ಗುಳಿಗಿ ಎಲ್ಲಿ ಒಗೀತೀರಿ? ಮಗಳನ್ನ ಕಳಕೊಂಡೂ ಬುದ್ಧಿ ಬರಲಿಲ್ಲೇನು ನಿಮಗ?" ಆಜೂಬಾಜೂ ಮಂದಿ ಹೊರಗ ಬಂದು ನೋಡಿದ್ರು. ಹಿಂಗ ಅನಬಾರದಾಗಿತ್ತು. ಅಂದುಬಿಟ್ಟೆ.

ಸಾಬವ್ವ ಒಳಗ ಹೋಗಿ ಡಬ್ಬಿ ತಂದ್ಲು. ಅದರಾಗ ಖಾಲಿಯಾದ ಗುಳಿಗಿ ಪಾಕೀಟು ಎಲ್ಲಾ ಜೋಡಿಸಿ ಇಟ್ಟಿದ್ಲು, ಒಂದೂ ತಪ್ಪಿರಲಿಲ್ಲ. "ದಿನಾ ನನ್ನ ಕೈಲೇ ಕೊಡತೀನ್ರಿ" ಅಂದ್ಲು. ಸಂಡಾಸ ಕಪ್ಪಗ ಆಗತದೇನು ಅಂತ ಶರಣಮ್ಮನ್ನ ಕೇಳಿದೆ, ಯಾಕಂದ್ರ ಗುಳಿಗಿ ಹೊಟ್ಟಿಗೆ ಹೋದ್ರ ಹಂಗ ಆಗತದ. ಆ ಹುಡುಗಿ ನಾಚಿಕೊಂಡು ಹೌದು ಅಂತ ಗೋಣು ಹಾಕಿದ್ಲು. ಆದ್ರೂ ನನಗ ನಂಬಿಕಿ ಬರಲಿಲ್ಲ.

ಮರುದಿನ ಮುಂಜಾನೆ ಎಂಟಕ್ಕ ಹೇಳದ ಕೇಳದ ಹೋದೆ. ಸೀರಿ ಪರದೆ ಸರಿಸಿದ್ರ ಶರಣಮ್ಮ ಟ್ರಂಕಿಗೆ ಆತುಕೊಂಡು ಕುಂತು ಉಣ್ಣಾಕತ್ತಿದ್ಲು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಎಲ್ಲಾ ಛಲೋ ಊಟ. ಕೈ ತೊಳಕೊಂಡ ಮ್ಯಾಲ ಸಾಬವ್ವ ತನ್ನ ಸೆರಗಿಲೆ ಆಕಿ ಕೈ ಒರಸಿ, ಅಂಗೈಯಾಗ ಕಬ್ಬಿಣದ ಗುಳಿಗಿ ಇಟ್ಲು. ಆಮ್ಯಾಲ ಹಾಲು ಹೆಚ್ಚಿಗಿ ಹಾಕಿದ ಚಹಾ ಒಂದು ಗಿಲಾಸದಿಂದ ಇನ್ನೊಂದಕ್ಕ ಸುರುವಿ ಸುರುವಿ ಆರಿಸಿ, "ನುಂಗು ನಮ್ಮವ್ವ" ಅಂತ ಬಾಯಿಗೆ ಹಿಡದ್ಲು. ನನ್ನ ಕಣ್ಣೆದುರಿಗೆ ಗುಳಿಗಿ ಚಹಾದ ಜೋಡಿ ಇಳದುಹೋತು.

"ಅಯ್ಯ ನಿನ್ನ! ಕಬ್ಬಿಣದ ಗುಳಿಗಿ ಚಹಾದ ಜೋಡಿ ಕೊಡತೀಯೇನು?" ಅಂತ ಚೀರಿದೆ. ಸಿಟ್ಟಿನಾಗ 'ರೀ' ಎಲ್ಲೋ ಹೋತು. "ಚಹಾದಾಗ ಒಗರು ಇರತದಲ್ಲ, ಅದು ಕಬ್ಬಿಣ ಕಂಡ ಕೂಡಲೆ ಗಟ್ಟಿ ಹಿಡಕೊಂಡುಬಿಡತದ, ರಕ್ತಕ್ಕ ಸೇರಗೊಡೂದಿಲ್ಲ. ಮ್ಯಾಲ ಹಾಲು ಬ್ಯಾರೆ ಹಾಕೀದಿ, ಹಾಲೂ ಅಡ್ಡ ಬರತದ! ಗುಳಿಗಿದಷ್ಟೇ ಅಲ್ಲ, ಈಗ ಉಂಡ ಪಲ್ಯದಾಗಿನ ಕಬ್ಬಿಣಾನೂ ಹೋತು. ಎರಡು ತಿಂಗಳು ಕೊಟ್ಟದ್ದೆಲ್ಲಾ ಸಂಡಾಸಿಗೆ ಹೋಗೇದ. ಯಾವ ಶ್ಯಾಣ್ಯಾಕಿ ಹೇಳಿದ್ಲು ನಿನಗ ಚಹಾ ಜೋಡಿ ಕೊಡು ಅಂತ?"

ಸಾಬವ್ವನ ಮಾರಿ ಸಪ್ಪಗಾತು. "ಎಲ್ಲಾ ಹೋತೇನ್ರಿ? ಸ್ವಲ್ಪಾನೂ ಹತ್ತಲಿಲ್ಲೇನ್ರಿ?" ಅಂದ್ಲು.

ಆಗ ಎಂದೂ ಮಾತಾಡದ ಶರಣಮ್ಮ ಬಾಯಿ ಬಿಟ್ಲು. "ನೀವೇ ಹೇಳಿದ್ರಲ್ರಿ ಬಾಯಾರ."

"ಏ ಹುಡುಗಿ, ಸುಮ್ಮ ಕುಂದರು" ಅಂತ ಸಾಬವ್ವ ಆಕಿ ತೊಡಿ ಮ್ಯಾಲ ಮೆಲ್ಲಕ ಬಡದ್ಲು.

ಖರೇ. ನಾನೇ ಹೇಳಿದ್ದೆ. ಮೊದಲನೇ ದಿನ ಆ ಹುಡುಗಿ ಗುಳಿಗಿ ಮೂಸಿ ನೋಡಿ, ವಾಸನಿ ಬರತದ, ವಾಂತಿ ಆಗತದ ಅಂದಿದ್ಲು. ನಾ ಒಂದು ಕಾಲು ಚಪ್ಪಲ್ಯಾಗ ಇಟ್ಟು, "ಚಹಾದ ಜೋಡಿ ನುಂಗಿಬಿಡವಾ, ವಾಸನಿ ತಿಳಿಯೂದಿಲ್ಲ" ಅಂದು ಹೋಗಿದ್ದೆ. ನಮ್ಮ ಮನ್ಯಾಗ ಗುಳಿಗಿ ಅಂದ್ರ ಚಹಾದ ಜೋಡೀನ. ನಮ್ಮತ್ತಿಯವರ ಬಿಪಿ ಗುಳಿಗಿ, ನಮ್ಮವ್ವನ ಮೊಣಕಾಲಿನ ಗುಳಿಗಿ, ಎಲ್ಲಾ ಮುಂಜಾನೆ ಚಹಾದ ಜೋಡಿ ಹೋಗಿದ್ದೇ ನಾ ಕಂಡದ್ದು. ಕಬ್ಬಿಣದ ಗುಳಿಗಿಗೆ ಚಹಾ ಕೂಡದು, ಒಂದು ತಾಸು ಮೊದಲ ಬ್ಯಾಡ ಎರಡು ತಾಸು ಆಮ್ಯಾಲ ಬ್ಯಾಡ ಅಂತ ತರಬೇತಿ ಪುಸ್ತಕದಾಗ ದೊಡ್ಡ ಅಕ್ಷರದಾಗ ಅದ. ನಾ ಓದೀನಿ, ಪರೀಕ್ಷಾ ಬರದು ಪಾಸಾಗೀನಿ. ಆದ್ರ ನಾಲಿಗಿ ಪುಸ್ತಕ ಕೇಳದ ಮನಿ ರೂಢಿ ಹಿಡದು ಓಡಿತ್ತು. ತನ್ನ ಎಲ್ಯಾಗ ಕತ್ತಿ ಸತ್ತು ಬಿದ್ದಿದ್ರೂ ಮಂದಿ ಎಲ್ಯಾಗಿನ ನೊಣ ಹುಡುಕಿದಂಗ ಮಾಡಿದ್ದೆ ನಾ.

ತಪ್ಪಾತು ಅಂತ ಒಂದು ಮಾತು ಅನಬೇಕಿತ್ತು. ಬರಲಿಲ್ಲ. "ಇನ್ನ ಮ್ಯಾಲ ಲಿಂಬಿಹಣ್ಣಿನ ನೀರಿನ ಜೋಡಿ ಕೊಡ್ರಿ" ಅಂತ ನೆಲ ನೋಡಕೋತ ಹೇಳಿ ಹೊರಗ ಬಂದೆ.

ಆ ವಾರ ದವಾಖಾನಿಗೆ ಹೋದಾಗ ನಾ ಡಾಕ್ಟರ್ ಬಾಯಿಗೆ, ಚಹಾ ಜೋಡಿ ನುಂಗತಿದ್ಲು, ಅದಕ್ಕ ಏರಲಿಲ್ಲ ಅಂತ ಹೇಳಿದೆ. ಯಾರ ಮಾತು ಕೇಳಿ ನುಂಗತಿದ್ಲು ಅಂತ ಹೇಳಲಿಲ್ಲ. ಅವರು ಸಾಬವ್ವನ ಕಡೆ ತಿರುಗಿ ಕೇಳಿದ್ರು, "ಮಾವಶಿ, ಹಿಂಗ ಕೊಡು ಅಂತ ಯಾರು ಹೇಳಿದ್ರು?" ಸಾಬವ್ವ ನನ್ನ ಕಡೆ ತಿರುಗಿ ಸೈತ ನೋಡಲಿಲ್ಲ. ತನ್ನ ಸೈಟಿನ ಮರಾಠ್ಯಾಗ, "ಯಾರೂ ಹೇಳಿಲ್ರಿ ಡಾಕ್ಟರ್ ಬಾಯಿ, ನಂದೇ ಶ್ಯಾಣ್ಯಾತನ" ಅಂದ್ಲು. ಅವರು ಆಕಿಗೆ ಐದು ನಿಮಿಷ ಬೈದ್ರು. ನನಗ, "ಛಲೋ ಹಿಡದಿ ಶೈಲಾ" ಅಂದ್ರು. ಇಡೀ ಹಡಪಸರಕ್ಕ ಕೇಳೂಹಂಗ ಚೀರೂ ನನ್ನ ಬಾಯಿ ಅಲ್ಲಿ "ಹೂಂ" ಅಂತು. ಆ "ಹೂಂ" ನನ್ನ ಎದ್ಯಾಗ ಮುಳ್ಳಿನಂಗ ಉಳೀತು.

ಆ ದಿನದಿಂದ ಸಾಬವ್ವನ ಅಡಗಿಮನಿ ಬದಲಾತು. ಮುಂಜಾನೆ ಊಟದ ಜೋಡಿ ಎಲುಬಿಗೆ ಅಂತ ಕೊಡೂ ಕ್ಯಾಲ್ಶಿಯಂ ಗುಳಿಗಿ, ಸಂಜಿಮುಂದ ಕಬ್ಬಿಣದ ಗುಳಿಗಿ, ಎರಡೂ ಎಂದೂ ಕೂಡಂಗಿಲ್ಲ, ಕೂಡಿದ್ರ ಅವೂ ಒಂದನ್ನೊಂದು ತಡೀತಾವ. ಕಬ್ಬಿಣದ ಗುಳಿಗಿಗೆ ಅರ್ಧ ಲಿಂಬಿಹಣ್ಣು ಹಿಂಡಿದ ನೀರು. ಹುಳಿ ಇದ್ರ ಕಬ್ಬಿಣ ರಕ್ತಕ್ಕ ಸಲೀಸು ಇಳೀತದ. ಮಡಕಿಕಾಳು ಹಂಗ ಕುದಿಸೂದು ಬಿಟ್ಟು ನೆನಸಿ ಮೊಳಕಿ ಒಡಿಸಿ ಪಲ್ಯ, ಯಾಕಂದ್ರ ಮೊಳಕಿ ಬಂದ ಕಾಳು ತನ್ನ ಸತ್ವ ಮೈಗೆ ಬಿಟ್ಟುಕೊಡತದ. ದಿನಾ ತತ್ತಿ, ಆಯಿತವಾರ ಮಟನ್. ಚಹಾ ಮಧ್ಯಾಹ್ನ ಮೂರಕ್ಕ ಒಮ್ಮೆ, ಉಂಡು ಎರಡು ತಾಸು ದಾಟಿದ ಮ್ಯಾಲ. ಆ ಸಾಲಿನ ಎಲ್ಲಾ ತಗಡಿನ ಮನಿಗೂ ಸಾಬವ್ವ ಇದನ್ನ ಸಾರಿಕೊಂಡು ಬಂದ್ಲು. ಉಂಡ ಕೂಡಲೆ ಚಹಾ ಕೇಳಿದ ಕಾಶಪ್ಪಗ, "ಇಟ್ಟ ಸಳಿ ಕಿತ್ತುಕೊಳ್ಳಾಕ ಕುಂತೀಯೇನು?" ಅಂತ ಜಬರಿಸಿದ್ಲು.

ಒಂದಿನ ನನ್ನ ಕೇಳಿದ್ಲು, "ಹಾಲೂ ಛಲೋ, ಪಲ್ಯಾನೂ ಛಲೋ, ಚಹಾನೂ ಕೆಟ್ಟದ್ದೇನಲ್ಲ. ಒಳಗ ಹೋಗಿ ಯಾಕ ಜಗಳಾಡತಾವ್ರಿ?"

"ಅತ್ತಿ ಸೊಸಿ ಇದ್ದಂಗ ಸಾಬವ್ವ. ಬ್ಯಾರೆ ಬ್ಯಾರೆ ಇದ್ರ ಇಬ್ಬರೂ ಛಲೋ" ಅಂದೆ.

"ನಿಮ್ಮ ಮನ್ಯಾಗ ಇರಬೇಕು ಬಿಡ್ರಿ" ಅಂತ ಅಂದು ಶರಣಮ್ಮನ ಜಡಿ ಹೆಣಿಯಾಕ ಕುಂತ್ಲು. ಬಾಯಿಗೆ ಬಾಯಿ ಕೊಡೂದರಾಗ ನನಗಿಂತ ಏನೂ ಕಡಿಮಿ ಇಲ್ಲ ಆಕಿ.

ಆವತ್ತು ನನಗ ಏನನಿಸ್ತೋ, "ಸಾಬವ್ವ, ನಿಮ್ಮ ಬೆರಳು ಕೊಡ್ರಿ" ಅಂದೆ. "ನನ್ನದ್ಯಾಕ್ರಿ, ನಾ ಏನ್ ಹಡಿಬೇಕೇನು ಈ ವಯಸ್ಸಿನಾಗ?" ಅಂತ ನಕ್ಕು ಕೈ ಹಿಂದ ಸರಿಸಿದ್ಲು. ಬಿಡಲಿಲ್ಲ, ಚುಚ್ಚಿದೆ. ಎಂಟು ಪಾಯಿಂಟ್ ಒಂದು. ಸೊಸಿಗಿದ್ದಷ್ಟ ಇತ್ತು ಅತ್ತಿಗೂ. ಈ ರಕ್ತದಾಗ ಈಕಿ ಇಟ್ಟಂಗಿ ಹೊತ್ತಾಳ, ಒಂಬತ್ತನೇ ಮಾಳಗಿ ಏರ್ಯಾಳ. ಎಲ್ಲಾರದೂ ಊಟ ಆದ ಮ್ಯಾಲ ಉಳದ ರೊಟ್ಟಿ ಚಹಾದಾಗ ಅದ್ದಿ ನಿಂತಕೊಂಡೇ ತಿಂತಿದ್ಲು ಅಂತ ಶರಣಮ್ಮ ಹೇಳಿದ್ಲು. ಬೈಯಬೇಕಂತ ಬಾಯಿ ತಗದೆ, ಅಳು ಬಂತು. ಅಲ್ಲೇ ಕುಂತು ಅತ್ತುಬಿಟ್ಟೆ. ಪಾಪ, ಆಕೀನ ನನಗ ನೀರು ಕೊಟ್ಟು, "ಯಾಕ್ರಿ ಬಾಯಾರ, ಮನ್ಯಾಗ ಏನರ ಅಂದ್ರೇನ್ರಿ?" ಅಂತ ಬೆನ್ನು ಸವರಿದ್ಲು. ಆವತ್ತಿನಿಂದ ಇಬ್ಬರೂ ಎದುರು ಬದರು ಕುಂತು ಒಂದೇ ಹೊತ್ತಿಗೆ ಉಣ್ಣಬೇಕು, ಇಬ್ಬರಿಗೂ ಗುಳಿಗಿ, ಅಂತ ಕಟ್ಟು ಮಾಡಿದೆ.

ಏಳನೇ ತಿಂಗಳಿಗೆ ರಕ್ತ ಒಂಬತ್ತು ಪಾಯಿಂಟ್ ಒಂದು. ಅದೇ ಹೊತ್ತಿಗೆ ಶರಣಮ್ಮನ ಅಪ್ಪ ಫಕೀರಪ್ಪ ಕುಬಸದ ಸೀರಿ, ಹಸರ ಬಳಿ ತಗೊಂಡು ಊರಿಂದ ಬಂದ. ಚೊಚ್ಚಲ ಹೆರಿಗಿ ತವರಮನ್ಯಾಗ ಆಗಬೇಕು, ಮಗಳನ್ನ ಕರಕೊಂಡು ಹೋಗತೀನಿ ಅಂದ. ಬಸುರಿಗೆ ಉಡಿ ತುಂಬಿ ಕುಬಸ ಮಾಡಿದ್ರು, ಹೋಳಿಗಿ ಉಂಡ್ರು, ಹೊರಡೂ ಹೊತ್ತಿಗೆ ಸಾಬವ್ವ ಅಡ್ಡ ನಿಂತ್ಲು. "ಹತ್ತು ದಾಟೂತನ ಈಕಿ ಹಡಪಸರ ದಾಟೂದಿಲ್ಲ ಅಣ್ಣ."

"ಮಂದಿ ಏನಂದಾರು? ಮಗಳ ಹೆರಿಗಿ ಮಾಡೂ ತಾಕತ್ತು ಇಲ್ಲ ಅಂತಾರ ನನಗ" ಅಂತ ಫಕೀರಪ್ಪ ಹಾರಾಡಿದ.

"ಮಂದಿ ನನ್ನ ನಿಂಗವ್ವನ ಮಣ್ಣಿಗೂ ಬಂದಿದ್ರು. ಉಂಡು ಹೋದ್ರು" ಅಂದ್ಲು ಸಾಬವ್ವ. ಅಣ್ಣ ಮಾತು ಬಿಟ್ಟು ಒಬ್ಬನೇ ಹೋದ. ಹೆತ್ತವ್ವ ಫೋನಿನಾಗ ಅತ್ಲು. ಶರಣಮ್ಮನೂ ಎರಡು ದಿನ ಅತ್ಲು, ತವರಿಗೆ ಹೋಗಬೇಕನ್ನೂ ಆಸೆ ಯಾರಿಗಿಲ್ಲ? ಸಾಬವ್ವ ಮಾತ್ರ ಜಗ್ಗಲಿಲ್ಲ. ಆದ್ರ ನನಗೊಬ್ಬಾಕಿಗೆ ಮೆಲ್ಲಕ ಕೇಳಿದ್ಲು, "ಏರತದಲ್ರಿ ಬಾಯಾರ? ಏರದಿದ್ರ ನಾ ಯಾರಿಗೆ ಮಾರಿ ತೋರಿಸಲಿ?" ಏರತದ ಅಂದೆ. ಖಾತ್ರಿ ಮಾತ್ರ ನನಗೂ ಇದ್ದಿದ್ದಿಲ್ಲ.

ಏರಿತು. ಒಂಬತ್ತನೇ ತಿಂಗಳಿಗೆ ಹತ್ತು ಪಾಯಿಂಟ್ ನಾಲ್ಕು. ಮಿಷನ್ನಿನ ಅಂಕಿ ಸಾಬವ್ವಗ ಓದಾಕ ಬರೂದಿಲ್ಲ, ನನ್ನ ಮಾರಿ ನೋಡಿ ತಿಳಕೊಂಡ್ಲು. ಅಷ್ಟೊತ್ತಿಗೆ ದಿನಾ ತುಂಬಿದ್ವು, ಬಸ್ಸಿನಾಗ ಅಷ್ಟು ದೂರ ಕಳಿಸೂಹಂಗಿದ್ದಿಲ್ಲ. ಇಲ್ಲೇ ಆಗಲಿ ಅಂತ ಡಾಕ್ಟರ್ ಬಾಯಿ ಹೇಳಿದ್ರು.

ಒಂದು ಬುಧವಾರ ಮುಂಜಾನೆ ಬ್ಯಾನಿ ಸುರು ಆತು. ಹನ್ನೊಂದಕ್ಕ ದವಾಖಾನಿ ಮುಟ್ಟಿದ್ವಿ. ಎರಡೂವರಿಗೆ ಕೂಸಿನ ಅಳು ಕೇಳಿಸ್ತು. ಸಾಬವ್ವ ಕೈ ಮುಗಿದ್ಲು, ನಾ ಉಸಿರು ಬಿಟ್ಟೆ. ಆದ್ರ ಯಾರೂ ಹೊರಗ ಬರಲಿಲ್ಲ. ಒಬ್ಬ ನರ್ಸ್ ಓಡಿ ಹೊರಗ ಬಂದು ಏನೋ ತಗೊಂಡು ಓಡಿ ಒಳಗ ಹೋದ್ಲು. "ರಕ್ತ ಹೊಂಟದ" ಅಂತ ಇನ್ನೊಬ್ಬಾಕಿಗೆ ಮರಾಠ್ಯಾಗ ಅಂದದ್ದು ಇಬ್ಬರಿಗೂ ಕೇಳಿಸ್ತು. ಸಾಬವ್ವ ನಿಂತಲ್ಲೇ ಗೋಡಿಗೆ ಹಣಿ ಹಚ್ಚಿದ್ಲು. "ಈ ಸಲ ಯಾವ ಸ್ಲ್ಯಾಬೂ ಇಲ್ಲವಾ, ಇಲ್ಲೇ ಇದ್ದೀನವಾ" ಅಂತ ಗೋಡಿಗೆ ಹೇಳತಿದ್ಲು. ಹೇಳಿದ್ದು ಒಳಗಿದ್ದಾಕಿಗೋ ಹೋದಾಕಿಗೋ ನಾ ಕೇಳಲಿಲ್ಲ. ಕೈ ಹಿಡಕೊಂಡು ನಿಂತೆ. ಅರ್ಧ ತಾಸು ಹಂಗ ನಿಂತಿದ್ವಿ.

ಮಾಧುರಿ ಬಾಯಿ ಬೆವರು ಒರಸಿಕೋತ ಹೊರಗ ಬಂದ್ರು. "ನಿಂತದ. ತಾಯಿ ಕೂಸು ಇಬ್ಬರೂ ಛಲೋ ಇದ್ದಾರ. ಹೆಣ್ಣು" ಅಂದ್ರು. ಆಮ್ಯಾಲ ಸಾಬವ್ವನ ಹೆಗಲ ಮ್ಯಾಲ ಕೈ ಇಟ್ಟು, "ರಕ್ತ ಭಾಳ ಹೋತು ಮಾವಶಿ. ಮೂರು ತಿಂಗಳ ಹಿಂದಿನ ಶರಣಮ್ಮ ಇದ್ದಿದ್ರ ತಡಕೋತಿದ್ದಿಲ್ಲ. ಚಹಾ ಬಿಡಿಸಿದ್ದು ಛಲೋ ಆತು. ಇನ್ನೆಂದೂ ಹಂತಾ ಶ್ಯಾಣ್ಯಾತನ ಮಾಡಬ್ಯಾಡ್ರಿ" ಅಂದ್ರು. ಸಾಬವ್ವ, "ಇಲ್ರಿ, ಮಾಡೂದಿಲ್ರಿ" ಅಂತ ಕೈ ಮುಗಿದ್ಲು.

ಆ ಮುಗಿದ ಕೈ ನೋಡಿ ನನಗ ತಡಕೊಳ್ಳಾಕ ಆಗಲಿಲ್ಲ. "ಡಾಕ್ಟರ್, ಆ ಶ್ಯಾಣ್ಯಾತನ ಆಕಿದಲ್ಲ, ನಂದು" ಅಂದೆ. "ಚಹಾದ ಜೋಡಿ ನುಂಗು ಅಂತ ಹೇಳಿದ್ದು ನಾ. ಅವತ್ತು ನೀವು ಕೇಳಿದಾಗ ನಾ ಬಾಯಿ ಮುಚ್ಚಿಕೊಂಡು ನಿಂತೆ. ಬೈಸಿಕೊಂಡದ್ದು ಆಕಿ."

ಡಾಕ್ಟರ್ ಬಾಯಿ, "ಬರೂ ಮೀಟಿಂಗಿನಾಗ ಎಲ್ಲಾರ ಮುಂದ ಇದನ್ನ ನೀನೇ ಹೇಳಬೇಕು" ಅಂದು ಒಳಗ ಹೋದ್ರು.

ಸಾಬವ್ವಗ ಸಿಟ್ಟು ಬಂತು. ಆಕಿ ಸಿಟ್ಟು ನಾ ಅವತ್ತೇ ಮೊದಲ ನೋಡಿದ್ದು. ನನ್ನ ರಟ್ಟಿ ಹಿಡದು ಅಲ್ಲಾಡಿಸಿ, "ಯಾಕ ಹೇಳಿದ್ರಿ? ನಿಮ್ಮನ್ನ ತಗದು ಹಾಕಿದ್ರ? ಮುಚ್ಚಿದ್ದು ಮುಚ್ಚಿದಂಗ ಇರಲಿ ಅಂತ ನಾ ಬೈಸಿಕೊಂಡಿದ್ದು ಹಾಳಾತಲ್ರಿ!" ಅಂದ್ಲು.

"ನಾ ಮಂದಿ ಎದುರಿಗೆ ನಿಮಗ ಏನೇನೋ ಅಂದೆ. ನಿಮ್ಮ ಮಗಳ ಹೆಸರಿಲೆ ಸೈತ ಅಂದೆ. ನನ್ನನ್ನ ಯಾಕ ಕಾಯಬೇಕಿತ್ತು ಸಾಬವ್ವ?"

"ಇಪ್ಪತ್ತೈದು ವರ್ಷ ಆತ್ರಿ ಈ ಊರಿಗೆ ಬಂದು. ಎಷ್ಟೋ ಮಂದಿ ಬಂದು ಹೆಸರು ಬರಕೊಂಡು ಹೋದ್ರು. ಗುಳಿಗಿ ನುಂಗಿದ್ರೋ ಇಲ್ಲೋ ಅಂತ ಯಾರೂ ತಿರುಗಿ ಬಂದು ಜಗಳಾಡಲಿಲ್ಲ. ನೀವು ಅರ್ಧ ಹಾದಿಯಿಂದ ಹೊಳ್ಳಿ ಬಂದು ಚೀರಿದ್ರಿ." ಸಾಬವ್ವ ಸೆರಗು ಬಾಯಿಗೆ ಹಚ್ಚಿಕೊಂಡ್ಲು. "ನಮ್ಮ ನಿಂಗವ್ವಗ ಹಂಗ ಬೈಯಾಕ ಒಬ್ಬರೂ ಇದ್ದಿದ್ದಿಲ್ರಿ ಬಾಯಾರ."

ಅಷ್ಟರಾಗ ನರ್ಸ್ ಕರದ್ಲು, ಇಬ್ಬರೂ ಮಾರಿ ಒರಸಿಕೊಂಡು ಕೂಸು ನೋಡಾಕ ಒಳಗ ಹೋದ್ವಿ.